ಚೊಚ್ಚಲ ಮಗುವಿಗೆ ಕಾಯುವ ಮನೆ: ಯಾವ ಕೆಲಸ ಯಾರ ಕೈಗೆ, ಯಾವಾಗ?

"ಮಗು ಬರುವ ಮುಂಚೆ ಏನೇನು ಕೊಂಡಿಡಬೇಕು?" ಮೊದಲ ಸಲ ಅಪ್ಪ ಅಮ್ಮ ಆಗುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಯಾವ ತಿಂಗಳಿಂದ ತಯಾರಿ ಶುರು ಮಾಡಬೇಕು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೊಳ್ಳುವ ಪಟ್ಟಿ ಇಲ್ಲಿ ಆರನೇ ಹಂತದಲ್ಲಿ ಬರುತ್ತದೆ, ಅದೂ ಚಿಕ್ಕದಾಗಿ. ತೊಟ್ಟಿಲು ನಾಲ್ಕು ದಿನ ತಡವಾಗಿ ಬಂದರೆ ಮನೆ ನಿಲ್ಲುವುದಿಲ್ಲ. ಮನೆ ನಡೆಸುವ ಲೆಕ್ಕವೆಲ್ಲ ಒಬ್ಬಳ ತಲೆಯಲ್ಲೇ ಇದ್ದು, ಅವಳು ಮಲಗಿದ ದಿನ ಬೇರೆ ಯಾರಿಗೂ ಏನೂ ಗೊತ್ತಿಲ್ಲ ಅಂದರೆ ಮಾತ್ರ ಮನೆ ನಿಂತುಹೋಗುತ್ತದೆ. "ಹೇಳಿದ್ದರೆ ಮಾಡ್ತಿದ್ದೆನಲ್ಲ" ಎನ್ನುವ ಮಾತು ಹುಟ್ಟುವುದೂ ಆಗಲೇ. ಆ ಮಾತಿಗೆ ಜಾಗವೇ ಇಲ್ಲದ ಹಾಗೆ ಒಂಬತ್ತು ತಿಂಗಳು ಕಳೆಯುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಗೋಡೆಗೆ ಹಾಕುವ ಕ್ಯಾಲೆಂಡರ್, ವೈದ್ಯರ ಮತ್ತು ಆಸ್ಪತ್ರೆಯ ಫೋನ್ ನಂಬರ್, ವಾರಕ್ಕೆ ಅರ್ಧ ಗಂಟೆ. ನಾನು ಗಂಡ ಹೆಂಡತಿ ಅಂತ ಬರೆದಿದ್ದೇನೆ. ನಿಮ್ಮ ಜೊತೆಗಿರುವವರು ಅಮ್ಮ, ತಂಗಿ, ಗೆಳತಿ ಯಾರೇ ಆಗಿದ್ದರೂ ಅದೇ ಜಾಗದಲ್ಲಿ ಅವರನ್ನು ಇಟ್ಟುಕೊಂಡು ಓದಿ.

1. ವಾರದ ಲೆಕ್ಕ ಕಲಿಯಿರಿ

ಆಸ್ಪತ್ರೆಯಲ್ಲಿ ಎಲ್ಲರೂ ವಾರದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ನಾವು ತಿಂಗಳಲ್ಲಿ ಎಣಿಸುತ್ತೇವೆ. ಗೊಂದಲ ಅಲ್ಲಿಂದಲೇ ಶುರು. ವಾರದ ಲೆಕ್ಕ ಹಿಡಿಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಮುಟ್ಟು ತಪ್ಪಿತು ಅಂತ ತಿಳಿಯುವ ಹೊತ್ತಿಗೇ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ. ಒಟ್ಟು 40 ವಾರ, ಅಂದರೆ 280 ದಿನ.

ಈ 280ನೇ ದಿನವೇ ವೈದ್ಯರು ಬರೆದುಕೊಡುವ ಹೆರಿಗೆ ದಿನಾಂಕ. ಆದರೆ 20 ಮಕ್ಕಳಲ್ಲಿ ಒಂದು ಮಾತ್ರ ಹೆಚ್ಚುಕಡಿಮೆ ಅದೇ ದಿನ ಹುಟ್ಟುತ್ತದೆ. 37ರಿಂದ 42ನೇ ವಾರದ ನಡುವೆ ಯಾವಾಗ ಬೇಕಾದರೂ ಆಗಬಹುದು. ಹಾಗಾಗಿ ಆ ಒಂದು ತಾರೀಖನ್ನು ಎಲ್ಲರಿಗೂ ಹೇಳಿಕೊಂಡು ಬರಬೇಡಿ. ದಿನ ದಾಟಿದ ಕೂಡಲೇ "ಇನ್ನೂ ಆಗಿಲ್ವಾ?" ಅಂತ ಫೋನ್ ಮೇಲೆ ಫೋನ್ ಬರುತ್ತದೆ. ಆ ಹೊತ್ತಿನಲ್ಲಿ ಅದನ್ನು ತಡೆದುಕೊಳ್ಳುವುದು ತುಂಬಾ ಕಷ್ಟ. "ಇಂಥ ತಿಂಗಳ ಕೊನೆಗೆ" ಅಂದರೆ ಸಾಕು. ಗಂಡನ ರಜೆಯನ್ನೂ ಆ ಒಂದೇ ದಿನಕ್ಕೆ ಕಟ್ಟಿಹಾಕಬೇಡಿ. ಹಿಂದೆ ಮುಂದೆ ಸರಿಸುವ ಹಾಗಿರಲಿ.

ಈಗ ಕ್ಯಾಲೆಂಡರ್ ತೆಗೆದು ಗುರುತು ಹಾಕಿ. 12ನೇ ವಾರದೊಳಗೆ ಮೊದಲ ತಪಾಸಣೆ. 18ರಿಂದ 22ನೇ ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್. 24ರಿಂದ 28ರಲ್ಲಿ ಸಕ್ಕರೆ ಪರೀಕ್ಷೆ. ಬಸುರಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ಒಂದು ಬಗೆಯ ಮಧುಮೇಹ ಇದೆ, ಅದನ್ನು ಹಿಡಿಯಲು ಇದು. 36ಕ್ಕೆ ಆಸ್ಪತ್ರೆಗೆ ಒಯ್ಯುವ ಚೀಲ ಸಿದ್ಧ. ಒಟ್ಟು ಕನಿಷ್ಠ ಎಂಟು ಸಲವಾದರೂ ತಪಾಸಣೆ ಆಗಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆ. ನಿಮ್ಮ ವೈದ್ಯರು ದಿನ ಬದಲಿಸಿದರೆ ಅವರ ಮಾತೇ ಕೊನೆ.

2. ಮೊದಲ ಮೂರು ತಿಂಗಳು: ಅಡುಗೆಮನೆ ಕೈ ಬದಲಾಗಲಿ

ಹೊಟ್ಟೆ ಕಾಣುವುದಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂತ ಮನೆಯವರಿಗೆ ಅನಿಸುತ್ತದೆ. ನಿಜಕ್ಕೂ ತುಂಬಾ ಜನಕ್ಕೆ ಅತಿ ಕಷ್ಟದ ದಿನಗಳು ಇವೇ. ವಾಂತಿ, ಹೊಟ್ಟೆ ತೊಳಸುವುದು ಸುಮಾರು 6ನೇ ವಾರಕ್ಕೆ ಶುರುವಾಗಿ 14–16ನೇ ವಾರದ ಹೊತ್ತಿಗೆ ಇಳಿಯುತ್ತದೆ. ಬೆಳಗ್ಗೆ ಮಾತ್ರ ಅಂತೇನಿಲ್ಲ, ಇಡೀ ದಿನವೂ ಇರಬಹುದು. ಒಲೆಯ ಮೇಲಿನ ವಾಸನೆಗೇ ಹೊಟ್ಟೆ ತಿರುಗುತ್ತದೆ. ಅಡುಗೆ ಈಗಲೇ ಬೇರೆಯವರ ಕೈಗೆ ಹೋಗಲಿ ಅನ್ನುವುದು ಅದಕ್ಕೇ. ಏಳನೇ ತಿಂಗಳವರೆಗೆ ಕಾಯಬೇಡಿ.

ಅವಳ ಊಟ ಚಿಕ್ಕದಾಗಿರಲಿ, ಎರಡು ಮೂರು ಗಂಟೆಗೊಮ್ಮೆ ಇರಲಿ. ಹೊಟ್ಟೆ ಪೂರ್ತಿ ಖಾಲಿಯಾದರೆ ತೊಳಸುವುದು ಹೆಚ್ಚುತ್ತದೆ. ಹಾಸಿಗೆಯ ಪಕ್ಕದಲ್ಲಿ ಒಣ ತಿಂಡಿ ಏನಾದರೂ ಇಟ್ಟು, ಏಳುವ ಮುಂಚೆ ಎರಡು ತುತ್ತು ತಿಂದು, ಹತ್ತು ನಿಮಿಷ ಬಿಟ್ಟು ಎದ್ದರೆ ಎಷ್ಟೋ ವಾಸಿ. "ಮಗುವಿಗಾಗಿ ತಿನ್ನು" ಅಂತ ಬಲವಂತ ಮಾಡಬೇಡಿ. ಆದರೆ ಒಂದಿಡೀ ದಿನ ನೀರೂ ನಿಲ್ಲುತ್ತಿಲ್ಲ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದೆ, ತೂಕ ಇಳಿಯುತ್ತಿದೆ ಅಂದರೆ "ಎಲ್ಲರಿಗೂ ಆಗೋದೇ" ಅಂತ ಸುಮ್ನೆ ಕೂರಬೇಡಿ. ಅದಕ್ಕೆ ಚಿಕಿತ್ಸೆ ಇದೆ, ಅದೇ ದಿನ ವೈದ್ಯರಿಗೆ ಹೇಳಿ.

ಮಾತ್ರೆಗಳ ವಿಷಯ. ಫೋಲಿಕ್ ಆಮ್ಲ ಒಂದು ಬಗೆಯ ಬಿ ವಿಟಮಿನ್. ದಿನಕ್ಕೆ 400 ಮೈಕ್ರೋಗ್ರಾಂ, ಸಾಧ್ಯವಾದರೆ ಬಸುರಾಗುವ ಮುಂಚಿನಿಂದಲೇ ಬೇಕು. ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗುವ ಕೊಳವೆ 6ನೇ ವಾರದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ, ಅದು ಸರಿಯಾಗಿ ಮುಚ್ಚಲು ಈ ಮಾತ್ರೆ. ಮಧುಮೇಹ ಇರುವವರಿಗೆ, ಅಪಸ್ಮಾರದ ಔಷಧ ತೆಗೆದುಕೊಳ್ಳುವವರಿಗೆ ಹೆಚ್ಚು ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು. ಇಲ್ಲಿ ಎರಡು ತಪ್ಪು ಆಗುತ್ತವೆ. ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ಕೇಳದೆ ನುಂಗುವುದು ಒಂದು. ಥೈರಾಯ್ಡ್ ಮಾತ್ರೆ, ಅಪಸ್ಮಾರದ ಮಾತ್ರೆಯನ್ನು ಮಗುವಿಗೆ ತೊಂದರೆ ಅಂತ ತಾವೇ ನಿಲ್ಲಿಸುವುದು ಇನ್ನೊಂದು. ಎರಡನೆಯದು ಜಾಸ್ತಿ ಅಪಾಯ.

ಕಾಫಿ ಪೂರ್ತಿ ಬಿಡಬೇಕಿಲ್ಲ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟದಿರಲಿ, ಇನ್‌ಸ್ಟಂಟ್ ಕಾಫಿ ಲೆಕ್ಕದಲ್ಲಿ ಎರಡು ದೊಡ್ಡ ಲೋಟ. ಮದ್ಯ ಬೇಡವೇ ಬೇಡ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ. ಬೆಕ್ಕು ಸಾಕಿದ್ದರೆ ಅದರ ಮಲದ ತಟ್ಟೆಯನ್ನು ಬೇರೆಯವರು ದಿನಾ ತೆಗೆಯಲಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಅಲ್ಲಿಂದ ಬರಬಹುದು. ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು, ದಿನವೂ ತೆಗೆಯಬೇಕು ಅನ್ನುವುದು ಇದಕ್ಕೇ.

3. ಕೆಲಸವನ್ನು ಇಡಿಯಾಗಿ ವಹಿಸಿಕೊಳ್ಳಿ

16ರಿಂದ 20ನೇ ವಾರದ ನಡುವೆ ಮೈ ಸ್ವಲ್ಪ ಹಗುರಾಗುತ್ತದೆ. ಈ ಹಂತಕ್ಕೆ ಅದೇ ಒಳ್ಳೆಯ ಸಮಯ. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಪಾಲಿಸುತ್ತೀರಿ ಎಂದಾದರೆ ಇದನ್ನೇ ಪಾಲಿಸಿ.

ಮನೆಯ ಯಾವ ಕೆಲಸದಲ್ಲೂ ಮೂರು ತುಂಡು ಇರುತ್ತವೆ: ಗಮನಿಸುವುದು, ಯೋಚಿಸುವುದು, ಮಾಡುವುದು. ಸೋಪು ಮುಗಿಯುತ್ತಾ ಬಂದಿದೆ ಅಂತ ಕಣ್ಣಿಗೆ ಬೀಳಬೇಕು. ಯಾವಾಗ, ಎಷ್ಟು ತರಬೇಕು ಅಂತ ತಲೆಯಲ್ಲಿ ಇರಬೇಕು. ಆಮೇಲೆ ಹೋಗಿ ತರಬೇಕು. "ಸಹಾಯ ಮಾಡ್ತೀನಿ" ಅನ್ನುವವರು ಹೆಚ್ಚಾಗಿ ಮೂರನೆಯದನ್ನು ಮಾತ್ರ ಮಾಡುತ್ತಾರೆ. ಮೊದಲ ಎರಡು ಅವಳ ತಲೆಯಲ್ಲೇ ಉಳಿಯುತ್ತವೆ. ಹೊರಗಿನಿಂದ ನೋಡಿದವರಿಗೆ ಭಾರ ಹಂಚಿದ ಹಾಗೆ ಕಾಣುತ್ತದೆ, ಅವಳಿಗೆ ಹಾಗೆ ಅನಿಸುವುದಿಲ್ಲ.

ಹೀಗೆ ಮಾಡಿ. ಒಂದು ವಾರ ಇಬ್ಬರೂ ಮಾಡುವ ಎಲ್ಲ ಕೆಲಸವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಟ್ಟೆ ಒಗೆಯುವುದು, ಬಿಲ್ ಕಟ್ಟುವುದು ಅಷ್ಟೇ ಅಲ್ಲ. ಅತ್ತೆಗೆ ಫೋನ್ ಮಾಡಲು ನೆನಪಿಸುವುದು, ಮುಂದಿನ ತಪಾಸಣೆಗೆ ಸಮಯ ಕೇಳುವುದು, ನಾಳೆ ಏನು ಅಡುಗೆ ಅಂತ ಯೋಚಿಸುವುದು, ಇವೂ ಪಟ್ಟಿಗೆ ಬರಲಿ. ವಾರದ ಕೊನೆಗೆ ಪಟ್ಟಿ ನೋಡಿದರೆ ಮಾತೇ ಬೇಕಾಗುವುದಿಲ್ಲ. ಈಗ ಪಟ್ಟಿಯಲ್ಲಿ ಎರಡು ಗುರುತು ಹಾಕಿ. ಹೊಟ್ಟೆ ದೊಡ್ಡದಾದ ಮೇಲೆ ಅವಳಿಂದ ಆಗದ, ಬಗ್ಗಿ, ಎತ್ತಿ, ಬಹಳ ಹೊತ್ತು ನಿಂತು ಮಾಡುವ ಕೆಲಸಗಳಿಗೆ ಒಂದು. ಹೆರಿಗೆಯಾದ ಮೊದಲ ಆರು ವಾರ ಅವಳು ಮುಟ್ಟಲೇಬಾರದ ಕೆಲಸಗಳಿಗೆ ಇನ್ನೊಂದು. ಗುರುತು ಬಿದ್ದ ಪ್ರತಿ ಕೆಲಸದ ಮುಂದೆಯೂ ಒಂದು ಹೆಸರು ಬರೆಯಿರಿ. "ಇಬ್ಬರೂ" ಅಂತ ಬರೆಯಬೇಡಿ. ಇಬ್ಬರದ್ದೂ ಅಂದ ಕೆಲಸ ಕೊನೆಗೆ ಅವಳದ್ದೇ ಆಗುತ್ತದೆ.

ಹೆಸರು ಬಿದ್ದವರು ಮೂರು ತುಂಡನ್ನೂ ವಹಿಸಿಕೊಳ್ಳಬೇಕು. ಮೊದಲ ಸಲ ಇಬ್ಬರೂ ಸೇರಿ ಮಾಡಿ. ಎರಡನೇ ಸಲ ವಹಿಸಿಕೊಂಡವರು ಮಾಡಲಿ, ಕೊಟ್ಟವರು ಪಕ್ಕದಲ್ಲಿರಲಿ. ಮೂರನೇ ಸಲದಿಂದ ಕೊಟ್ಟವರು ಆ ಕಡೆ ತಿರುಗಿಯೂ ನೋಡಬಾರದು. ಬಟ್ಟೆ ನಿಮ್ಮ ಹಾಗೆ ಮಡಚದಿದ್ದರೆ ಮಡಚದಿರಲಿ. "ನಾನೇ ಮಾಡಿದರೆ ಬೇಗ ಆಗುತ್ತೆ" ಅಂತ ಒಂದು ಸಲ ಕೈಗೆ ತೆಗೆದುಕೊಂಡರೆ ಆ ಕೆಲಸ ನಿಮ್ಮ ಹತ್ತಿರ ವಾಪಸ್ ಬಂದ ಹಾಗೆ. ವಹಿಸಿಕೊಂಡವರಿಗೂ ಒಂದು ಮಾತು: ಪ್ರತಿ ಸಲ "ಎಷ್ಟು ತರಲಿ? ಯಾವುದು ತರಲಿ?" ಅಂತ ಕೇಳುತ್ತಿದ್ದರೆ ನೀವು ಅದನ್ನು ವಹಿಸಿಕೊಂಡಿಲ್ಲ. ನಮ್ಮ ಮನೆಯಲ್ಲಿ ಕಬ್ಬಿಣದ ಮಾತ್ರೆ ತರುವುದು ನನ್ನ ಕೆಲಸವಾಗಿತ್ತು. ನಾನು ದಿನಾ "ಮುಗಿದಿದೆಯಾ?" ಅಂತ ಕೇಳುತ್ತಿದ್ದೆ, ಲೆಕ್ಕ ಇಡುತ್ತಿದ್ದವಳು ಅವಳೇ. ಕೊನೆಗೆ ಒಂದು ನಿಯಮ ಮಾಡಿಕೊಂಡೆ: ಪ್ರತಿ ಭಾನುವಾರ ನಾನೇ ಡಬ್ಬಿ ತೆರೆದು ನೋಡುವುದು, ಹತ್ತು ಮಾತ್ರೆಗಿಂತ ಕಡಿಮೆ ಇದ್ದರೆ ತರುವುದು.

ಮಾತ್ರೆ ಅಂದ ಮೇಲೆ ಇದನ್ನೂ ತಿಳಿದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಕೆಲವು ಗಂಟೆ ಅಂತರ ಇರಲಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಮಲಬದ್ಧತೆ ಆದರೆ ಮಾತ್ರೆ ಬಿಡುವ ಬದಲು ವೈದ್ಯರನ್ನು ಕೇಳಿ, ಬೇರೆ ಮಾತ್ರೆ ಕೊಡುತ್ತಾರೆ.

ವಾರದ ಅರ್ಧ ಗಂಟೆ ಯಾಕೆ ಅಂದರೆ ಇದಕ್ಕೆ. ಒಂದೇ ದಿನ, ಒಂದೇ ಹೊತ್ತು, ಫೋನ್ ಬದಿಗಿಟ್ಟು ಕೂತುಕೊಳ್ಳಿ. ಈ ವಾರ ಯಾವುದು ಭಾರವಾಯಿತು? ಮುಂದಿನ ವಾರ ಏನಿದೆ? ಯಾವುದನ್ನು ಮಾಡದೇ ಬಿಡಬಹುದು? ಮೂರೇ ಪ್ರಶ್ನೆ. ಮೂರನೆಯದನ್ನು ಮರೆಯುವವರೇ ಜಾಸ್ತಿ. ಕೆಲವು ಕೆಲಸ ಹಂಚುವುದಕ್ಕಿಂತ ಒಂದು ವರ್ಷ ಬಿಟ್ಟುಬಿಡುವುದೇ ಒಳ್ಳೆಯದು.

4. ಸಲಹೆ ಕೊಡುವವರ ಜೊತೆ

ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಹತ್ತು ಜನ ಹತ್ತು ತರ ಹೇಳುತ್ತಾರೆ. ಇಬ್ಬರೂ ಒಂದೇ ಉತ್ತರ ಇಟ್ಟುಕೊಳ್ಳಿ: "ಮುಂದಿನ ತಪಾಸಣೆಯಲ್ಲಿ ಡಾಕ್ಟರನ್ನು ಕೇಳಿ ನೋಡ್ತೀವಿ." ವಾದ ಬೇಡ. ಅವರವರ ಕಡೆಯವರ ಹತ್ತಿರ ಅವರವರೇ ಮಾತಾಡಲಿ, ಸೊಸೆಯ ಬಾಯಲ್ಲಿ "ಬೇಡ" ಅಂತ ಹೇಳಿಸಬೇಡಿ.

ಎರಡು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನು ಹಾಕಬಾರದು. ಅದರಿಂದ ಬಾಟುಲಿಸಂ ಎಂಬ, ಅಪರೂಪದ ಆದರೆ ತುಂಬಾ ಅಪಾಯದ ಕಾಯಿಲೆ ಬರಬಹುದು. ಮೊದಲ ಆರು ತಿಂಗಳು ಎದೆಹಾಲು ಕುಡಿಯುವ ಮಗುವಿಗೆ ನೀರೂ ಬೇಕಿಲ್ಲ. ಹುಟ್ಟಿದ ಮೇಲೆ ಹೇಳಲು ಹೋದರೆ ಜಗಳವಾಗುತ್ತದೆ, ಈಗಲೇ ಹೇಳಿಡಿ. ಮಗು ನೋಡಲು ಬರುವವರು ಕೈ ತೊಳೆದು ಮುಟ್ಟಲಿ, ನೆಗಡಿ ಕೆಮ್ಮು ಇದ್ದರೆ ಇನ್ನೊಂದು ದಿನ ಬರಲಿ ಅನ್ನುವುದನ್ನೂ ಸೇರಿಸಿ.

5. 28ನೇ ವಾರದಿಂದ: ಮೈ ಹೇಳುವುದನ್ನು ಕೇಳಿ

ಈಗಿಂದ ಪಕ್ಕಕ್ಕೆ ತಿರುಗಿ ಮಲಗಬೇಕು. ಎಡವೇ ಆಗಬೇಕು ಅಂತಿಲ್ಲ, ಬಲವೂ ಆದೀತು. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ತಿರುಗಿ ಮಲಗಿ. ಮೊಣಕಾಲಿನ ನಡುವೆ ಒಂದು ದಿಂಬು ಇಟ್ಟರೆ ಸೊಂಟಕ್ಕೆ ಹಾಯ್. ಕಾರಿನಲ್ಲಿ ಸೀಟ್‌ಬೆಲ್ಟ್ ಬಿಡಬೇಡಿ: ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆಸಂದಿಗೆ ತಾಗಿ. ಮೇಲಿನ ಪಟ್ಟಿ ಎದೆಯ ಮಧ್ಯದಿಂದ ಹೊಟ್ಟೆಯ ಪಕ್ಕಕ್ಕೆ.

ಮಗುವಿನ ಅಲುಗಾಟಕ್ಕೆ ಒಂದು ರೂಢಿ ಇರುತ್ತದೆ. ಒಂದು ಮಗು ರಾತ್ರಿ ಒದೆಯುತ್ತದೆ, ಇನ್ನೊಂದು ಊಟವಾದ ಮೇಲೆ. ನಿಮ್ಮ ಮಗುವಿನ ರೂಢಿ ನಿಮಗೆ ಗೊತ್ತಿರಲಿ. "ದಿನ ತುಂಬಿದಾಗ ಮಗು ಅಲುಗಾಡುವುದು ಕಡಿಮೆ ಮಾಡುತ್ತೆ" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ತಪ್ಪು. ಕಡಿಮೆಯಾಯಿತು ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.

ಈ ಕೆಳಗಿನದನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಇದರಲ್ಲಿ ಯಾವುದು ಕಂಡರೂ ಕೂಡಲೇ ಹೊರಡಬೇಕು:

- ಎಷ್ಟೇ ಇರಲಿ, ರಕ್ತ ಕಂಡರೆ
- ಜೋರು ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಕಂಡ ಹಾಗಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು
- 37 ವಾರಕ್ಕೆ ಮುಂಚೆಯೇ ಹೆರಿಗೆ ನೋವು ಬರುವುದು ಅಥವಾ ನೀರು (ಮಗುವಿನ ಸುತ್ತ ಇರುವ ನೀರು) ಹೋಗುವುದು
- ಜ್ವರ, ಉಸಿರಾಟದ ತೊಂದರೆ, ಒಂದೇ ಕಾಲು ಊದಿ ನೋಯುವುದು

ಎರಡನೆಯ ಸಾಲಿನ ಲಕ್ಷಣಗಳು ಪ್ರಿ-ಎಕ್ಲಾಂಪ್ಸಿಯಾದವು. ಅಂದರೆ 20ನೇ ವಾರದ ನಂತರ ರಕ್ತದೊತ್ತಡ 140/90 ಮುಟ್ಟಿ ಅಥವಾ ದಾಟಿ, ಮೂತ್ರಪಿಂಡ, ಯಕೃತ್ತಿಗೂ ತೊಂದರೆ ಕೊಡುವ ಕಾಯಿಲೆ. ಹೆರಿಗೆಯಾದ ಮೇಲೂ ಬರಬಹುದು, ಹಾಗಾಗಿ ಹಾಳೆ ಬಾಗಿಲಲ್ಲೇ ಇರಲಿ.

6. 34–36ನೇ ವಾರ: ಕೊಳ್ಳುವುದು, ಜೋಡಿಸುವುದು

ಮಗುವಿಗೆ ಬೇಕಾದ್ದು ತುಂಬಾ ಕಡಿಮೆ. ಆರೇಳು ಜೊತೆ ಮೆತ್ತನೆಯ ಬಟ್ಟೆ, ಒಮ್ಮೆ ಒಗೆದದ್ದು. ಡೈಪರ್ ಅಥವಾ ಲಂಗೋಟಿ. ನಾಲ್ಕು ಹೊದಿಕೆ, ಟೋಪಿ, ಥರ್ಮಾಮೀಟರ್. ಕಾರಿನಲ್ಲಿ ಮನೆಗೆ ಬರುವುದಾದರೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟು. ಹುಟ್ಟಿದ ಅಳತೆಯ ಬಟ್ಟೆ ರಾಶಿ ತರಬೇಡಿ, ಕೆಲವೇ ವಾರಗಳಲ್ಲಿ ಚಿಕ್ಕದಾಗುತ್ತದೆ.

ಮಲಗುವ ಜಾಗದ ಬಗ್ಗೆ ಮಾತ್ರ ರಾಜಿ ಬೇಡ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ಮಗುವನ್ನು ಪ್ರತಿ ಸಲವೂ ಅಂಗಾತ ಮಲಗಿಸಬೇಕು. ದಿಂಬು, ಬೊಂಬೆ, ಸಡಿಲ ಹೊದಿಕೆ ಹತ್ತಿರ ಇರಬಾರದು. ಮೊದಲ ಆರು ತಿಂಗಳಾದರೂ ನಿಮ್ಮ ಕೋಣೆಯಲ್ಲೇ, ಆದರೆ ತನ್ನದೇ ಜಾಗದಲ್ಲಿ ಮಲಗಲಿ. ಮಗುವನ್ನು ಎತ್ತಿಕೊಂಡು ಸೋಫಾದ ಮೇಲೆ ನಿದ್ದೆ ಹೋಗುವುದು ತುಂಬಾ ಅಪಾಯ. ಇದನ್ನು ಸಹಾಯಕ್ಕೆ ಬರುವ ಹಿರಿಯರಿಗೂ ತಿಳಿಸಿ.

ಆಸ್ಪತ್ರೆಯ ಚೀಲವನ್ನು ಗಂಡನೇ ತುಂಬಲಿ, ಅವಳು ಹೇಳುತ್ತಾ ಹೋಗಲಿ. ಅಲ್ಲಿ ಹೋದ ಮೇಲೆ ಹುಡುಕುವವನು ಅವನೇ ಅಲ್ವಾ. ಎಲ್ಲ ವರದಿಗಳು ಒಂದೇ ಫೈಲಿನಲ್ಲಿ, ಗುರುತಿನ ಚೀಟಿ, ಉದ್ದ ವೈರಿನ ಚಾರ್ಜರ್, ಸಡಿಲ ಬಟ್ಟೆ, ದೊಡ್ಡ ಪ್ಯಾಡ್. ಜೊತೆಗಿರುವವರಿಗೂ ಒಂದು ಜೊತೆ ಬಟ್ಟೆ ಮತ್ತು ತಿಂಡಿ. ಒಂದು ಸಲ ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಯವರೆಗೆ ಹೋಗಿಬನ್ನಿ. ಯಾವ ಗೇಟು ತೆರೆದಿರುತ್ತದೆ ಅಂತ ಆಗ ಗೊತ್ತಾಗುತ್ತದೆ.

7. ನೋವು ಶುರುವಾದಾಗ

ಕೊನೆಯ ವಾರಗಳಲ್ಲಿ ಹುಸಿ ನೋವು ಬರುತ್ತದೆ. ಎದ್ದು ಓಡಾಡಿದರೆ, ನೀರು ಕುಡಿದರೆ ಅದು ಇಳಿಯುತ್ತದೆ. ನಿಜವಾದ ನೋವು ಹತ್ತಿರ ಹತ್ತಿರವಾಗುತ್ತಾ, ಜೋರಾಗುತ್ತಾ ಹೋಗುತ್ತದೆ. ಮೊದಲ ಹೆರಿಗೆಗೆ ಸಾಮಾನ್ಯ ಲೆಕ್ಕ ಹೀಗೆ: 5 ನಿಮಿಷಕ್ಕೊಮ್ಮೆ, ಪ್ರತಿ ಸಲ 1 ನಿಮಿಷ, ಹೀಗೆ 1 ಗಂಟೆ. ಅಂತರವನ್ನು ಒಂದು ನೋವು ಶುರುವಾದ ಕ್ಷಣದಿಂದ ಇನ್ನೊಂದು ಶುರುವಾಗುವ ಕ್ಷಣಕ್ಕೆ ಅಳೆಯಬೇಕು. ಮುಗಿದಲ್ಲಿಂದ ಅಳೆದು ಲೆಕ್ಕ ತಪ್ಪುವವರು ತುಂಬಾ ಜನ. ಗಡಿಯಾರ ನೋಡುವುದು, ಫೋನ್ ಮಾಡುವುದು ಎರಡೂ ಜೊತೆಗಿರುವವರ ಕೆಲಸ.

ನೀರು ಹೋದರೆ ನೋವಿಲ್ಲದಿದ್ದರೂ ಫೋನ್ ಮಾಡಿ, ಸಮಯ ಮತ್ತು ಬಣ್ಣ ಹೇಳಿ. ಹಸಿರು ಅಥವಾ ಕಂದು ಇದ್ದರೆ ಮಗು ಒಳಗೇ ಮಲ ಮಾಡಿರಬಹುದು, ತಡ ಮಾಡದೆ ಹೊರಡಿ.

8. ಮೊದಲ ಎರಡು ವಾರ

ಹೊಸ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ಚೂರು ಚೂರಾಗಿ. 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಆದ್ದರಿಂದ ರಾತ್ರಿಯನ್ನೂ ಹಂಚಿಕೊಳ್ಳಿ. ಹಾಲು ಕೊಡುವುದು ಅವಳಾದರೆ ಮಗುವನ್ನು ತಂದುಕೊಡುವುದು, ಡೈಪರ್ ಬದಲಿಸುವುದು, ಮತ್ತೆ ಮಲಗಿಸುವುದು ಗಂಡನದ್ದು. ದಿನಕ್ಕೆ ಒಂದು ಸಲವಾದರೂ ಅವಳಿಗೆ ಎಡೆಬಿಡದ ನಾಲ್ಕು ಗಂಟೆ ನಿದ್ದೆ ಸಿಗುವ ಹಾಗೆ ನೋಡಿಕೊಳ್ಳಿ.

ಹಾಲು ಸಾಕಾಗುತ್ತಿದೆಯಾ ಅಂತ ಎಲ್ಲರಿಗೂ ಚಿಂತೆ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಐದನೇ ದಿನದಿಂದ ದಿನಕ್ಕೆ ಆರು ಒದ್ದೆ ಡೈಪರ್ ಆಗುತ್ತಿದ್ದರೆ ಹಾಲು ಸಿಗುತ್ತಿದೆ ಅಂತ ಅರ್ಥ. ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ಹಾಲಿಗೂ ಏಳದೆ ಮಂಕಾದರೆ ಮನೆಮದ್ದು ಬೇಡ, ಆಸ್ಪತ್ರೆಗೇ. ತಾಯಿಗೆ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೂ ಹಾಗೆಯೇ. ಅಳು ನಿಲ್ಲದೆ ನಿಮ್ಮ ತಾಳ್ಮೆ ಮುಗಿಯುತ್ತಿದೆ ಅನಿಸಿದರೆ ಮಗುವನ್ನು ಅದರ ಜಾಗದಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಹೋಗಿ ಬನ್ನಿ. ಎಂದಿಗೂ ಮಗುವನ್ನು ಕುಲುಕಬೇಡಿ, ಅದರ ಮೆದುಳಿಗೆ ಪೆಟ್ಟಾಗುತ್ತದೆ.

ಮೂರನೇ ದಿನದ ಆಸುಪಾಸಿನಲ್ಲಿ ಅವಳಿಗೆ ಕಾರಣವಿಲ್ಲದೆ ಅಳು ಬರಬಹುದು. ಹಾರ್ಮೋನು ಒಮ್ಮೆಲೇ ಇಳಿಯುವುದರಿಂದ ಹೆಚ್ಚಿನವರಿಗೆ ಹೀಗಾಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ, ಮಗುವಿನ ಮೇಲೆ ಮನಸ್ಸೇ ಬರುತ್ತಿಲ್ಲ ಅಂದರೆ, ಮಗು ಮಲಗಿದರೂ ತನಗೆ ನಿದ್ದೆ ಇಲ್ಲ ಅಂದರೆ ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ಸುಮಾರು ಹತ್ತರಲ್ಲಿ ಒಬ್ಬ ತಾಯಿಗೆ ಬರುತ್ತದೆ, ಅಪ್ಪಂದಿರಿಗೂ ಬರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಯಾರೂ ಇಲ್ಲದಿದ್ದರೂ ದನಿ ಕೇಳಿಸಿದ ಹಾಗಾದರೆ ಅವಳನ್ನು ಒಬ್ಬಳನ್ನೇ ಬಿಡದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಸ್ಥಿತಿಯಲ್ಲಿ ತಾನೇ ಫೋನ್ ಎತ್ತಿ ವೈದ್ಯರಿಗೆ ಹೇಳುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಮೂರನೇ ಹಂತದ ಪಟ್ಟಿಗೆ ಇದನ್ನೂ ಈಗಲೇ ಸೇರಿಸಿ: "ಹದಿನಾಲ್ಕನೇ ದಿನ ಅವಳ ಮನಸ್ಸು ಹೇಗಿದೆ ಅಂತ ಕೇಳುವುದು, ಬೇಕಾದರೆ ವೈದ್ಯರಿಗೆ ಫೋನ್ ಮಾಡುವುದು." ಅದರ ಮುಂದೆ ಒಂದು ಹೆಸರು, ಪಕ್ಕದಲ್ಲಿ ಫೋನ್ ನಂಬರ್ ಬರೆದಿಡಿ.